ಬೇರಿನ ನೀರು ಬೆಚ್ಚಗಿತ್ತು

ನರಗುಂದದಿಂದ ಕೊಣ್ಣೂರಿಗೆ ಹೊರಟಿದ್ದ ಬಸ್ಸು ಪಂಕ್ಚರ್ ಆಗಿ ನಿಂತಿತು. ಇಳಿದು ರಸ್ತೆ ಪಕ್ಕದ ಪಾಲಿಹೌಸಿನೊಳಗೆ ಇಣುಕಿದೆ. ಮಣ್ಣೇ ಇಲ್ಲದೆ, ಪೈಪುಗಳಲ್ಲಿ ಹರಿಯುವ ನೀರಿನಲ್ಲಿ ಸೊಪ್ಪು ಬೆಳೆದಿತ್ತು.

“ಯಾರು ಕಳಿಸ್ಯಾರ ನಿಮ್ಮನ್ನ?” ಒಡತಿ ಹಸೀನಾಬಿ ಬಾಗಿಲಲ್ಲೇ ತಡೆದರು. ಕೆಟ್ಟು ನಿಂತ ಬಸ್ಸು ತೋರಿಸಿದ ಮೇಲಷ್ಟೇ ಒಳಗೆ ಬಿಟ್ಟರು.

ಒಂದು ಗಿಡ ಎತ್ತಿ ತೋರಿಸಿದರು. ಬೆಳ್ಳಗಿರಬೇಕಾದ ಬೇರು ಕಂದಾಗಿತ್ತು. “ಎಲಿ ಸೆಕಿ ತಡೀತಾವ್ರಿ. ಬೇರಿಗೆ ಮಾತ್ರ ತಣ್ಣೀರ ಬೇಕು, ಇಲ್ಲಾಂದ್ರ ಕೊಳೀತಾವ. ಹಿಂದಿನ ಬೆಳಿ ಹಿಂಗ ಹೋತು. ಇದೂ ಹೋದ್ರ ಎಲ್ಲಾ ಬಂದ್ ಮಾಡಬೇಕ್ರಿ.”

ಅದಕ್ಕೆಂದೇ ನೀರಿನ ತೊಟ್ಟಿಗೆ ತಂಪು ಮಾಡುವ ಯಂತ್ರ ಕೂಡಿಸಿದ್ದರು. ತೊಟ್ಟಿಯಲ್ಲಿ ಕೈ ಅದ್ದಿದವರೇ ಬೆಚ್ಚಿದರು. ನಾನೂ ಅದ್ದಿದೆ. ಸ್ನಾನದ ನೀರಿನಂತಿತ್ತು. ಯಂತ್ರ ಬಂದ್ ಆಗಿತ್ತು.

ಪಕ್ಕದ ಕೋಣೆಯಲ್ಲಿ ಅವರ ಮೈದುನ ದಾದಾಪೀರ ಚಹಾ ಕುಡಿಯುತ್ತಿದ್ದ. ಈ ಜಾಗದಲ್ಲಿ ಗ್ಯಾರೇಜು ಹಾಕುವ ಆಸೆ ಅವನಿಗಿದೆ ಎಂದು ಹಸೀನಾಬಿ ನನಗೆ ಮೆಲ್ಲಗೆ ಹೇಳಿದರು.

“ಮುಂಜಾನಿಂದ ಕರೆಂಟ್ ಇಲ್ಲ, ಭಾಬಿ,” ಎಂದ.

ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ನಾವಿಬ್ಬರೂ ಅದನ್ನು ನೋಡಿದೆವು. ಅವನೂ ನೋಡಿದ.

“ಈಗ ಬಂದಿರಬೇಕು.”

ಹಸೀನಾಬಿ ಯಂತ್ರ ಚಾಲೂ ಮಾಡಿದರು. ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡರು.

“ನನ್ನ ಮ್ಯಾಲ ಸಂಶಯ ಏನು, ಭಾಬಿ?”

“ಛೇ, ಕರೆಂಟಿನ ಮ್ಯಾಲಪ್ಪಾ. ನೀ ಹೊರಗ ನಡಿ.”

ಆಮೇಲೆ ನನ್ನತ್ತ ತಿರುಗಿ ಮೇಲಿಂದ ಕೆಳಗೆ ಒಮ್ಮೆ ನೋಡಿದರು.

“ನೀವೂ ಹೊರಗ ನಡೀರಿ.”