ಕದ್ದು ಹಾಕಿಸಿಕೊಂಡ ಸೂಜಿ

ಆ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಇಬ್ಬರೇ ಕೆಲಸ ಮಾಡುತ್ತಿದ್ದರು. ಒಬ್ಬ ಪುಸ್ತಕಗಳಿಗೆ ರಟ್ಟು ಕಟ್ಟುವವನು, ಇನ್ನೊಬ್ಬ ಅಂಚು ಕತ್ತರಿಸುವ ಮಷೀನಿನವನು. ರಟ್ಟಿನವನನ್ನು ಎಲ್ಲರೂ ದೊಡ್ಡಣ್ಣ ಎಂದರೆ, ಮಷೀನಿನವನ ಹೆಸರು ಕತ್ತರಿ ಎಂದೇ ಆಗಿಹೋಗಿತ್ತು. ಹದಿನೆಂಟು ವರ್ಷ ಎದುರುಬದುರು ನಿಂತವರು. ಮಾತೆಲ್ಲ ದೊಡ್ಡಣ್ಣನದು, ಹೂಂಗುಟ್ಟುವುದು ಕತ್ತರಿಯದು. ಹೊಲಿಗೆಗೆ ಬಂದ ಹಾಳೆಗಳನ್ನು ಓದಿ ಓದಿ ದೊಡ್ಡಣ್ಣನಿಗೆ ಪ್ರಪಂಚದ ಎಲ್ಲ ವಿಷಯವೂ ಅರ್ಧರ್ಧ ಗೊತ್ತಿತ್ತು. ಕತ್ತರಿಗೆ ಅದೇ ವೇದವಾಕ್ಯ.

ಉಸಿರು ಕಟ್ಟಿಸುವ ಜ್ವರ ಊರೆಲ್ಲ ಹಬ್ಬಿದ ವರ್ಷ ನರ್ಸಮ್ಮ ಲಸಿಕೆ ಹಾಕಲು ಪಟ್ಟಿ ಹಿಡಿದು ಮುದ್ರಣಾಲಯಕ್ಕೇ ಬಂದಳು. ಕತ್ತರಿ ಆಗಲೇ ಅಂಗಿಯ ತೋಳು ಮಡಚಿಕೊಂಡಿದ್ದ. "ಗಟ್ಟಿಮುಟ್ಟಾಗಿರೋ ಮೈಗೆ ಯಾಕಮ್ಮ ಚುಚ್ಚಿಸ್ಕೋಬೇಕು? ನಾವೇನು ಪುಸ್ತಕವಾ, ಹೊಲಿಗೆ ಹಾಕೋಕೆ?" ಎಂದ ದೊಡ್ಡಣ್ಣ. ಎಲ್ಲರೂ ನಕ್ಕರು. ಕತ್ತರಿಯೂ ನಕ್ಕು ತೋಳು ಇಳಿಸಿಕೊಂಡ.

ದೊಡ್ಡಣ್ಣನ ತಮಾಷೆಯ ಹಿಂದೆ ಇದ್ದದ್ದು ಬರೀ ಭಯ. ಹತ್ತು ವರ್ಷದವನಿದ್ದಾಗ ಪುಟ್ಟ ತಂಗಿಗೆ ಸೂಜಿ ಹಾಕುವಾಗ ಅವಳ ಕಾಲು ಅದುಮಿ ಹಿಡಿದವನು ಅವನೇ. ಎರಡು ದಿನಕ್ಕೆ ಮಗು ಹೋಯಿತು. ಮೊದಲೇ ಕಾಯಿಲೆಯಿತ್ತು, ಸೂಜಿಯಿಂದ ಅಲ್ಲವೆಂದು ಡಾಕ್ಟರು ಹೇಳಿದ್ದರು. ಆದರೂ ಆ ಕಾಲು ಒದ್ದಾಡಿದ್ದನ್ನು ಅವನ ಅಂಗೈ ಮರೆಯಲಿಲ್ಲ. ಸುಮ್ಮನಿದ್ದು ಏನಾದರೂ ಆದರೆ ಹಣೆಬರಹ ಅನ್ನಬಹುದು, ಕೈಯಾರೆ ಮಾಡಿಸಿ ಆದರೆ ಯಾರನ್ನು ಅನ್ನುವುದು? ಇದನ್ನು ನಾಲ್ಕು ಜನರ ಮುಂದೆ ಹೇಳಲಾಗದೆ ವಾದ ಹೂಡುತ್ತಿದ್ದ, ನಗಿಸುತ್ತಿದ್ದ.

ಮುಂದಿನ ತಿಂಗಳು ಅವನ ಮಗಳಿಗೆ ಹೆರಿಗೆಯಾಯಿತು. ಸೂಜಿ ಹಾಕಿಸಿಕೊಳ್ಳದೆ ಮಗುವನ್ನು ಎತ್ತಿಕೊಳ್ಳುವಂತಿಲ್ಲ ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ಎರಡು ವಾರ ಕಿಟಕಿಯಾಚೆ ನಿಂತು ಮೊಮ್ಮಗಳನ್ನು ನೋಡಿ ನೋಡಿ, ಒಂದು ಭಾನುವಾರ ದೊಡ್ಡಣ್ಣ ಗುರುತಿನವರಿಲ್ಲದ ಬಡಾವಣೆಯ ಆಸ್ಪತ್ರೆಗೆ ಹೋಗಿ, ಕಣ್ಣು ಬಿಗಿಯಾಗಿ ಮುಚ್ಚಿ ತೋಳು ಒಡ್ಡಿದ. ಅಲ್ಲಿಂದ ನೆಟ್ಟಗೆ ಮಗಳ ಮನೆಗೆ ಹೋಗಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡ.

ಸೋಮವಾರ ತೋಳು ಎತ್ತಲಾಗಲಿಲ್ಲ. ಏನಾಯಿತೆಂದು ಕತ್ತರಿ ಕೇಳಿದ. ನಿಜ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಮುದ್ರಣಾಲಯದವರೆಲ್ಲ ಆಡಿಕೊಂಡು ನಗುವುದು ಕಣ್ಣಿಗೆ ಕಟ್ಟಿ, ಅಡ್ಡಾದಿಡ್ಡಿ ಮಲಗಿದ್ದಕ್ಕೆ ಉಳುಕಿದೆ ಎಂದುಬಿಟ್ಟ. "ನೀನು ಕೂತ್ಕೊ ಅಣ್ಣ, ನಾನಿದೀನಿ," ಎಂದು ಕತ್ತರಿ ಆ ದಿನವೆಲ್ಲ ತನ್ನ ಕೆಲಸದ ಜೊತೆಗೆ ಅವನ ರಟ್ಟುಗಳನ್ನೂ ಒತ್ತಿಕೊಟ್ಟ.

ಆರು ವಾರದ ಮೇಲೆ ಕತ್ತರಿ ಅದೇ ಜ್ವರ ಹಿಡಿದು ಮಲಗಿದ. ಇಪ್ಪತ್ಮೂರು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದನಾದರೂ ಮೊದಲಿನ ಉಸಿರು ಬರಲಿಲ್ಲ. ಮನೆಯ ನಾಲ್ಕು ಮೆಟ್ಟಿಲಿಗೆ ಎರಡು ಸಲ ಕೂರಬೇಕು. ಕಟಿಂಗ್ ಮಷೀನು ಬೇರೆಯವನ ಕೈಗೆ ಹೋಯಿತು.

ದೊಡ್ಡಣ್ಣ ಹತ್ತಾರು ಸಲ ನೋಡಿಕೊಂಡು ಬಂದ, ನಿಜ ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಒಂದು ದಿನ ಮಂಚದ ತುದಿಯಲ್ಲಿ ಕೂತು, ತಲೆ ಎತ್ತದೆ ಎಲ್ಲವನ್ನೂ ಹೇಳಿದ. ತಂಗಿಯದು, ಭಾನುವಾರದ್ದು, ತೋಳು ಉಳುಕಿದ ಸುಳ್ಳು.

"ನಂಗೂ ಹೆದರಿಕೆ ಇತ್ತಣ್ಣ," ಎಂದ ಕತ್ತರಿ. "ಯಾರಾದ್ರೂ ಬೇಡ ಅಂದ್ರೆ ಸಾಕು ಅಂತಿದ್ದೆ. ನೀನಂದೆ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಒಂದೇ ಮಾತು ಕೇಳಿದಳು. "ಭಾವ, ಆ ಸೋಮವಾರನೇ ಹೇಳಿದ್ರೆ ಇವ್ರೂ ಹೋಗಿ ಹಾಕಿಸ್ಕೊಂಡು ಬರ್ತಿದ್ರಲ್ವಾ?"

"ಹೌದಮ್ಮ, ಬರ್ತಿದ್ದ."

ಅವಳು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಅವಳು ಬೈದಿದ್ದರೆ ದೊಡ್ಡಣ್ಣ ತಡೆದುಕೊಳ್ಳುತ್ತಿದ್ದ.

ಮರುದಿನ ಅವನು ಮುದ್ರಣಾಲಯದಲ್ಲಿ ಎಲ್ಲರನ್ನೂ ಕರೆದು ಇದನ್ನೇ ಹೇಳಿದ. ಯಾರೂ ನಗಲಿಲ್ಲ. ಆ ವಾರ ಐದು ಜನ ಹೋಗಿ ಸೂಜಿ ಹಾಕಿಸಿಕೊಂಡರು. ತಿಂಗಳಿಗೊಮ್ಮೆ ಕತ್ತರಿಯನ್ನು ಪರೀಕ್ಷೆಗೆ ಕರೆದೊಯ್ಯುವುದು ಈಗ ದೊಡ್ಡಣ್ಣನ ಕೆಲಸ. ಕತ್ತರಿಯ ಹೆಂಡತಿ ಔಷಧಿ ಚೀಟಿಗಳನ್ನು ಬಾಗಿಲ ಪಕ್ಕದ ಕುರ್ಚಿಯ ಮೇಲಿಟ್ಟು, ದೊಡ್ಡಣ್ಣ ಬರುವ ಮೊದಲೇ ಅಡುಗೆಮನೆಗೆ ಹೋಗಿರುತ್ತಾಳೆ.