ಕಾಗದದ ಕೊನೆಯ ಸಾಲು

ದೇವಕಿಯ ಹತ್ತಿರ ‘ಆಗುವುದಿಲ್ಲ’ ಎಂದು ಯಾರೂ ಹೇಳಬಾರದು. ಹೇಳಿದರೆ ಮುಗಿಯಿತು, ಅದನ್ನು ಮಾಡಿ ತೋರಿಸುವವರೆಗೆ ನಿಮಗೂ ನೆಮ್ಮದಿ ಕೊಡುವವಳಲ್ಲ. ಸಿದ್ದಾಪುರದ ನನ್ನ ಟೈಪಿಂಗ್ ಅಂಗಡಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದಳು. ಗಂಡನ ಮನೆ ಬಿಟ್ಟು ಬಂದವಳು. ಹಾಸಿಗೆ ಹಿಡಿದ ತಾಯಿಯನ್ನು ಮೂರು ವರ್ಷ ತನ್ನ ಬಾಡಿಗೆ ಕೋಣೆಯಲ್ಲೇ ಇಟ್ಟುಕೊಂಡು ನೋಡಿಕೊಂಡಳು. ಹೆಗ್ಗರಣೆಯಲ್ಲಿದ್ದ ಅಣ್ಣ ಶ್ರೀಪಾದ ಹಬ್ಬಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಿದ್ದ.

ಎರಡು ಸಾವಿರದ ಮೂರರಲ್ಲಿ ತಾಯಿ ತೀರಿಕೊಂಡಳು. ವೈಕುಂಠ ಸಮಾರಾಧನೆಗೆ ಕರೆಯುವ ಕಾಗದದಲ್ಲಿ ಶ್ರೀಪಾದನ ಹೆಸರೊಂದೇ ಇತ್ತು. ದೇವಕಿ ಕೇಳಿದ್ದಕ್ಕೆ, “ಕೊಟ್ಟ ಹೆಣ್ಣಿನ ಹೆಸರು ಹಾಕ ಕ್ರಮ ಇಲ್ಲೆ” ಎಂದನಂತೆ. ಕ್ರಮವಂತೆ, ಕ್ರಮ. ಮಲಮೂತ್ರ ಬಳಿಯುವಾಗ ಈ ಕ್ರಮ ಎಲ್ಲಿ ಹೋಗಿತ್ತೋ. ತನ್ನ ಹೆಸರೂ ಸೇರಿಸಿ ಬೇರೆ ಕಾಗದ ಹಾಕಿಸಲು ಹೋದರೆ, ಊರಿನ ಎರಡೂ ಪ್ರೆಸ್ಸಿನವರು ‘ಅಣ್ಣನನ್ನು ಕೇಳಿಕೊಂಡು ಬಾ’ ಎಂದು ಅವಳನ್ನು ಸಾಗಹಾಕಿದರು.

“ಆನೇ ಅಚ್ಚು ಹಾಕ್ತೆ” ಎಂದಳು.

ತಾನೇ ಹಾಕುತ್ತಾಳಂತೆ. ಯಾವುದರಲ್ಲಿ? ನಮ್ಮ ಪ್ರಿಂಟರು ಸಿಡಿಲಿಗೆ ಸುಟ್ಟಿತ್ತು. ಹುಬ್ಬಳ್ಳಿಯಿಂದ ನಾನು ಹೊತ್ತು ತಂದ ಹೊಸದು ನಮ್ಮ ಹಳೆಯ ಕಂಪ್ಯೂಟರಿಗೆ ಹೊಂದುತ್ತಿರಲಿಲ್ಲ. ಕನ್ನಡ ಅಕ್ಷರಗಳೆಲ್ಲ ಇದ್ದದ್ದು ಆ ಹಳೆಯದರಲ್ಲೇ. ಕಂಪನಿಗೆ ಫೋನ್ ಮಾಡಿದರೆ ಕಂಪ್ಯೂಟರ್ ಬದಲಾಯಿಸಿ ಎಂದರು. ಎಲ್ಲಿಂದ, ಅವರಪ್ಪನ ಮನೆಯಿಂದ ತರಲೇ?

“ಆಗ್ತಿಲ್ಲೆ ಮಾರಾಯ್ತಿ, ಬಿಡು” ಎಂದೆ. ಹೇಳಬಾರದಿತ್ತು.

ಕಂಪ್ಯೂಟರಿನೊಳಗೆ ಹಳೆಯ ಪ್ರಿಂಟರುಗಳ ಹೆಸರಿನ ಪಟ್ಟಿಯೊಂದಿತ್ತು. “ನಾಗಪತಣ್ಣ, ಇದು ಇದೇ ಕಂಪನಿಯ ಹಳೇ ಪ್ರಿಂಟರ್ ಹೇಳಿ ಕಂಪ್ಯೂಟರಿಗೆ ನಂಬಿಸಿ ನೋಡನ. ಹೊಸದಕ್ಕೆ ಹಳೇ ಮಾತು ಗೊತ್ತಿದ್ರೂ ಇರ್ಲಕ್ಕು” ಎಂದಳು. ಮೊದಲ ಹೆಸರಿಗೆ ಪ್ರಿಂಟರು ಮಿಸುಕಲಿಲ್ಲ. ಎರಡನೆಯದಕ್ಕೆ ಹಾಳೆ ತುಂಬ ಚೌಕ, ಸೊನ್ನೆ ಕಾರಿತು. ಕಾಗದ ಹಾಳು ಎಂದು ನಾನು ಗೊಣಗಿದೆ. ಅವಳು ಅದೇ ಹಾಳೆಗಳನ್ನು ಮಗುಚಿ ಮತ್ತೆ ತುರುಕಿದಳು. ಮೂರನೆಯ ದಿನ, ಏಳನೆಯ ಹೆಸರಿಗೆ, ಕನ್ನಡ ಬಂತು. ಕೊನೆಯ ಸಾಲು ಮಾತ್ರ ಕತ್ತರಿಸಿ ಹೋಗಿತ್ತು, ಅದೇ ಅವಳ ಹೆಸರು. ಅವಳು ಹಾಳೆಯ ಅಳತೆ ಸರಿಮಾಡಿ ಮತ್ತೆ ಹಾಕಿದಳು. ಅರವತ್ತು ಕಾಗದ ತೆಗೆದು ತಾನೇ ಮನೆಮನೆಗೆ ಹೋಗಿ ಹಂಚಿದಳು.

ಸಮಾರಾಧನೆಗೆ ನಾನೂ ಹೋಗಿದ್ದೆ. ಶ್ರೀಪಾದ ತನ್ನ ಮನೆಯ ಜಗಲಿಯಲ್ಲೇ ಅವಳನ್ನು ತಡೆದ. “ಇದೆಂತ ಕಾಗದ? ಹಾಕಲೆ ಯಾರು ಹೇಳಿದ್ದು?”

“ಮೊದಲು ನಿನ್ನ ಹೆಸರೇ ಇದ್ದಲ ಅಣ್ಣ. ನೀನು ನನ್ನ ಬಿಟ್ಟೆ ಹೇಳಿ ಆನು ನಿನ್ನ ಬಿಡ್ತಿಲ್ಲೆ” ಎಂದಳು ದೇವಕಿ.

ಅಷ್ಟರಲ್ಲಿ ತಾಯಿಯ ಅಕ್ಕ, ಓದು ಬಾರದ ದೊಡ್ಡಾಯಿ, ದೇವಕಿ ಕೊಟ್ಟ ಕಾಗದವನ್ನು ಶ್ರೀಪಾದನ ಮುಂದೆ ಹಿಡಿದಳು. “ಯಾರ್ಯಾರು ಕರದ್ದ, ಓದು ತಮಾ.”

ಅವನು ತನ್ನ ಹೆಸರು ಓದಿ ನಿಲ್ಲಿಸಿದ.

“ಅದರ ಕೆಳಗೆ ಎಂತೋ ಕಾಣ್ತಲ.”

ಜಗಲಿಯಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. “ದೇವಕಿ” ಎಂದ, ಗಂಟಲಲ್ಲೇ.

“ಕೆಮಿ ಕೇಳ್ತಿಲ್ಲೆ. ಗಟ್ಟಿ ಓದು.”

ಅವನು ಗಟ್ಟಿಯಾಗಿ ಓದಿದ.