ಸಹಿ ಹಾಕಿಟ್ಟ ಖಾಲಿ ಹಾಳೆ

ಎಪ್ಪತ್ತರ ದಶಕದಲ್ಲಿ ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ನಮ್ಮ ಶಾಸಕರು ಬೆಂಗಳೂರಿಗೆ ಹೊರಡುವ ಮುಂಚೆ ನನ್ನಲ್ಲಿಗೆ ಬಂದು, ತಮ್ಮ ಹೆಸರು ಅಚ್ಚಾದ ಹತ್ತಾರು ಹಾಳೆಗಳ ಬುಡಕ್ಕೆ ಸಹಿ ಹಾಕಿಟ್ಟು ಹೋಗುತ್ತಿದ್ದರು. ಮೇಲೆಲ್ಲ ಖಾಲಿ. ಹೊನವಾಡದಿಂದಲೋ ಬಬಲೇಶ್ವರದಿಂದಲೋ ಬಸ್ಸು ಹತ್ತಿ ಬಂದವರು ಹಾಸ್ಟೆಲ್ಲಿಗೆ, ಆಸ್ಪತ್ರೆಗೆ ಶಿಫಾರಸು ಚೀಟಿ ಕೇಳಿದರೆ, ನಾನು ಸಂಗತಿ ವಿಚಾರಿಸಿ ಟೈಪ್ ಮಾಡಿ ಕೊಡಬೇಕು.

"ನಾ ಊರಾಗಿಲ್ಲಂತ ಮಂದಿ ಬರಿಗೈಲೆ ಹೋಗಬಾರ್ದು ನೋಡ್ರಿ, ಮಾಸ್ತರ" ಎನ್ನುತ್ತಿದ್ದರು.

ತಿಕೋಟಾದಲ್ಲಿ ಹೊಲ ಮಾಡಿಕೊಂಡಿದ್ದವರು, ಕಂಡವರ ಅರ್ಜಿ ಹಿಡಿದು ಕಚೇರಿ ಅಲೆದು ಅಲೆದು ಕೊನೆಗೆ ವಿಧಾನಸಭೆ ಸೇರಿದ್ದರು. ಭಾಷಣ ಮಾತ್ರ ಕೇಳಬೇಡಿ. ಮೈಕು ಕಂಡರೆ ಬೆವರುತ್ತಿದ್ದರು. ಎರಡು ಸಲ ಗೆದ್ದದ್ದು ಆ ಚೀಟಿಗಳಿಂದಲೇ ಎಂದು ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ.

ಮೂರನೆಯ ಚುನಾವಣೆಗೆ ಪಕ್ಷದ ಟಿಕೆಟ್ ಹಂಚುವ ಸಮಯ. ಶಾಸಕ ಸಾಹೇಬರ ಅಕ್ಕನ ಮಗ ಅವಸರದಲ್ಲಿ ಬಂದ. ಅವರ ಮನೆಯಲ್ಲೇ ಬೆಳೆದ ಅಳಿಯ.

"ಮಮದಾಪುರದಾಗ ಒಂದ್ ಹುಡುಗಿಗೆ ಹಾಸ್ಟೆಲ್ ಚೀಟಿ ಬೇಕಾಗೇತ್ರಿ. ಬಸ್ ಬಿಡಾಕತ್ತೇತಿ. ಹಾಳಿ ಕೊಡ್ರಿ, ಅಲ್ಲೇ ಬರೀತೇನಿ."

ಖಾಲಿ ಹಾಳೆಯನ್ನು ನಾನು ಯಾರ ಕೈಗೂ ಕೊಟ್ಟವನಲ್ಲ. ಆದರೆ ಮನೆಯ ಮಗನಿಗೆ ಹೇಗೆ ಇಲ್ಲವೆನ್ನುವುದು? ಕೊಟ್ಟೆ.

ನಾಲ್ಕು ದಿನ ಕಳೆದಿರಬೇಕು, ಬೀದಿಯಲ್ಲಿ ಪಟಾಕಿ ಹಾರಿದವು. ಟಿಕೆಟ್ ಅಳಿಯನಿಗೆ! ಸುಳ್ಳೆಂದುಕೊಂಡು ಪಕ್ಷದ ಕಚೇರಿಗೆ ಓಡಿದೆ. ಅಲ್ಲಿದ್ದವರು ಒಂದು ಪತ್ರ ಮುಂದಿಟ್ಟರು. 'ದೇಹಪ್ರಕೃತಿ ಸರಿಯಿಲ್ಲ, ಈ ಸಲ ನಾನು ನಿಲ್ಲುವುದಿಲ್ಲ, ನನ್ನ ಅಳಿಯನಿಗೆ ಕೊಡಿ.' ಅಕ್ಷರ ಅಳಿಯನದು, ಬುಡದ ಸಹಿ ಸಾಹೇಬರದು. ನಾನು ಕೊಟ್ಟ ಹಾಳೆ! ಅವನು ಉಂಡ ಮನೆಯ ಜಂತಿ ಎಣಿಸಿದ್ದ. ಏಣಿ ಹಿಡಿದವನು ನಾನು.

ಸಿಕ್ಕ ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆ. ಸಾಹೇಬರು ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತು.

"ಸಾಹೇಬ್ರ, ಹಾಳಿ ನಾನ ಕೊಟ್ಟೇನ್ರಿ. ಬರ್ರಿ, ಪಕ್ಷದವರ ಮುಂದ ಖರೇ ಹೇಳ್ತೇನಿ. ಇನ್ನೂ ವ್ಯಾಳ್ಯಾ ಐತಿ."

"ಏನಂತ ಹೇಳ್ತೀರಿ? ಶಾಸಕ ಖಾಲಿ ಹಾಳಿಗೆ ಸಹಿ ಮಾಡಿ ಇಡ್ತಾನಂತ? ಆಮ್ಯಾಲೆ ನನ್ನ ಚೀಟಿ ಮ್ಯಾಲೆ ಹಾಸ್ಟೆಲ್ ಸೇರ್ಯಾವಲ್ಲ, ಆ ಹುಡುಗ್ರ ಗತಿ ಏನ್ರಿ? ಎಲ್ಲಾ ಚೀಟಿ ಸುಳ್ಳಂತ ಹೊರಗ ಹಾಕ್ತಾರ."

ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಸ್ಥಾನವನ್ನು ಈ ಮನುಷ್ಯ ಕುಳಿತಲ್ಲೇ ಬಿಟ್ಟುಕೊಟ್ಟಿದ್ದರು. ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ಕಾದೆ.

"ಹಾಳಿ ಎಷ್ಟ ಉಳದಾವ?" ಎಂದರು.

"ಮುಗದಾವ್ರಿ."

ಒಳಗೆ ಹೋಗಿ ಹೊಸ ಹಾಳೆಗಳನ್ನು ತಂದರು. ನನ್ನೆದುರಿಗೇ ಒಂದೊಂದಕ್ಕೂ ಸಹಿ ಹಾಕತೊಡಗಿದರು.

"ಚುನಾವಣಿ ತನಕಾ ನಾನ ಶಾಸಕ ಅದೇನಿ. ಮಂದಿ ಬರ್ತಾರ."

ಇಸಿದುಕೊಳ್ಳಲು ನನ್ನ ಕೈ ಮುಂದೆ ಬರಲಿಲ್ಲ. ಅವರೇ ಮಡಿಚಿ ನನ್ನ ಅಂಗಿಯ ಕಿಸೆಯಲ್ಲಿಟ್ಟರು.